ಮೃತ್ಯುಂಜಯ ಜಪ: ಅರ್ಥವೇನು, ಮಾಡುವುದು ಹೇಗೆ?

ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದರೆ ನಮ್ಮ ಕಡೆ ಎರಡು ಕೆಲಸ ಒಟ್ಟಿಗೇ ಶುರುವಾಗುತ್ತವೆ. ಒಬ್ಬರು ಡಾಕ್ಟರ ಬಳಿಗೆ ಓಡುತ್ತಾರೆ. ಇನ್ನೊಬ್ಬರು ದೇವರ ಮುಂದೆ ದೀಪ ಹಚ್ಚುತ್ತಾರೆ. ಶ್ರೀರಂಗಪಟ್ಟಣದಲ್ಲಿ ಗಂಗಾಧರೇಶ್ವರನಿಗೆ ಅಭಿಷೇಕ ಮಾಡಿಸುವವರಿದ್ದಾರೆ, ಗಂಜಾಂನ ನಿಮಿಷಾಂಬೆಗೆ ಹರಕೆ ಹೊರುವವರಿದ್ದಾರೆ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಮನೆಗಳಲ್ಲಿ ವಿಷ್ಣುಸಹಸ್ರನಾಮ, ಕೆ.ಆರ್. ಪೇಟೆ ಕಡೆಯ ಶಿವಭಕ್ತರ ಮನೆಗಳಲ್ಲಿ ಪಂಚಾಕ್ಷರಿ, ನಾಗಮಂಗಲದವರಿಗೆ ಆದಿಚುಂಚನಗಿರಿಯ ಕಾಲಭೈರವ. ಇವೆಲ್ಲದರ ನಡುವೆ, ಕಾಯಿಲೆ ಜೋರಾಯಿತು ಎಂದಾಗ ಬಹಳ ಜನರ ನೆನಪಿಗೆ ಬರುವುದು ಮಹಾಮೃತ್ಯುಂಜಯ ಮಂತ್ರ. ಅದರ ಅರ್ಥವೇನೆಂದು ಕೇಳಿದರೆ ಮಾತ್ರ 'ಸಾವು ಬಾರದಿರಲಿ ಅಂತ' ಎಂದಷ್ಟೇ ಉತ್ತರ ಸಿಗುತ್ತದೆ. ಮಂತ್ರದಲ್ಲಿ ಇರುವುದು ಅಷ್ಟೇ ಅಲ್ಲ.

ಇದು ಋಗ್ವೇದದ ಏಳನೆಯ ಮಂಡಲದ 59ನೆಯ ಸೂಕ್ತದ ಕೊನೆಯ ಋಕ್ಕು. ಈ ಮಂಡಲ ವಸಿಷ್ಠ ಋಷಿಗೆ ಸೇರಿದ್ದು. ಯಜುರ್ವೇದದಲ್ಲೂ ಇದು ಬರುತ್ತದೆ. ಮಾರ್ಕಂಡೇಯನ ಕಥೆಯೊಂದಿಗೆ ಇದನ್ನು ಜೋಡಿಸಿ ಹೇಳುವುದು ರೂಢಿ. ಆದರೆ ಋಕ್ಕಿನಲ್ಲಿ ಮಾರ್ಕಂಡೇಯನ ಹೆಸರೂ ಇಲ್ಲ, ಯಮನ ಹೆಸರೂ ಇಲ್ಲ. ಇರುವುದು ತ್ರ್ಯಂಬಕ, ಅಂದರೆ ಮೂರು ಕಣ್ಣಿನವನು. ಅವನನ್ನು ಸುಗಂಧವುಳ್ಳವನು, ಪುಷ್ಟಿಯನ್ನು ಹೆಚ್ಚಿಸುವವನು ಎಂದು ಕರೆದಿದೆ. ಪುಷ್ಟಿ ಎಂದರೆ ಪೋಷಣೆ. ಕಾಯಿಲೆಯ ಮನೆಯಲ್ಲಿ ಹೇಳುವ ಮಂತ್ರ ಔಷಧಿಗಿಂತ ಮೊದಲು ಪೋಷಣೆಯನ್ನು ನೆನೆಯುತ್ತದೆ ಎಂಬುದನ್ನು ಗಮನಿಸಿ.

ಮುಂದಿನದು ಒಂದು ಹಣ್ಣಿನ ಮಾತು. 'ಉರ್ವಾರುಕ' ಎಂದರೆ ಸೌತೆಯ ಜಾತಿಯ ಹಣ್ಣು. ಬೇಸಿಗೆಯಲ್ಲಿ ನಮ್ಮ ಕಡೆ ಬೆಲ್ಲ ಹಾಕಿಕೊಂಡು ತಿನ್ನುವ ಕೆಕ್ಕರಿಕೆ ಹಣ್ಣನ್ನು ನೆನೆಸಿಕೊಂಡರೆ ಸಾಕು. ಕಾಯಿಯಾಗಿದ್ದಾಗ ಎಳೆದರೆ ಬಳ್ಳಿಯೇ ಕಿತ್ತು ಬರುತ್ತದೆ. ಮಾಗಿದ ಮೇಲೆ ಹಾಗಲ್ಲ, ಮುಟ್ಟಿದರೆ ಸಾಕು, ತೊಟ್ಟು ತಾನಾಗಿ ಬಿಡುತ್ತದೆ. ಹಾಗೆ ನನ್ನನ್ನು ಸಾವಿನ ಕಟ್ಟಿನಿಂದ ಬಿಡಿಸು, ಅಮೃತತ್ವದಿಂದ ಮಾತ್ರ ಬಿಡಿಸಬೇಡ ಎಂಬುದು ಪ್ರಾರ್ಥನೆ. ಎಂದೆಂದಿಗೂ ಸಾಯದೆ ಇರಬೇಕೆಂದು ಇದು ಕೇಳುವುದಿಲ್ಲ. ಮಾಗುವ ಮುಂಚೆ ಹರಿದು ಹೋಗದಿರಲಿ, ಹೋಗುವ ಹೊತ್ತಿಗೆ ನೋವಿಲ್ಲದೆ ಬಿಡಲಿ ಎಂದು ಕೇಳುತ್ತದೆ. ವ್ಯಾಕರಣ ಬಲ್ಲವರು ಇನ್ನೊಂದು ಸಂಗತಿ ತೋರಿಸುತ್ತಾರೆ: ಪೂಜಿಸುವವರು 'ನಾವು', ಬಿಡುಗಡೆ ಬೇಡುವವನು 'ನಾನು'. ಮಂಚದ ಮೇಲೆ ಒಬ್ಬರು, ಸುತ್ತ ಮನೆಯವರೆಲ್ಲ!

ಉಸಿರಿನ ಲೆಕ್ಕ

ಜಪದಲ್ಲಿ ಮೂರು ಬಗೆ. ಕೇಳುವಂತೆ ಹೇಳುವುದು ವಾಚಿಕ, ತುಟಿಯಷ್ಟೇ ಆಡುವುದು ಉಪಾಂಶು, ಮನಸ್ಸಿನಲ್ಲೇ ಹೇಳುವುದು ಮಾನಸ. ವೇದಮಂತ್ರಕ್ಕೆ ಸ್ವರದ ಏರಿಳಿತ ಉಂಟು. ಬಲ್ಲವರ ಬಾಯಿಂದ ಕೇಳಿ ಕಲಿಯುವುದು ಒಳ್ಳೆಯದು. ಸ್ನಾನ ಮಾಡಿ, ಬೆನ್ನು ನೆಟ್ಟಗೆ ಇಟ್ಟು, ಬೆಳಿಗ್ಗೆ ಅಥವಾ ಸಂಜೆ ಒಂದೇ ಹೊತ್ತಿಗೆ ಕೂರುವುದು ವಾಡಿಕೆ. ಮಂಡಿ ನೋವಿನವರು ಕುರ್ಚಿಯಲ್ಲಿ ಕುಳಿತರೂ ಶಿವನೇನೂ ಮುನಿಯುವುದಿಲ್ಲ.

ಈ ಮಂತ್ರ ಅನುಷ್ಟುಪ್ ಛಂದಸ್ಸಿನದು: ನಾಲ್ಕು ಪಾದ, ಪಾದಕ್ಕೆ ಎಂಟು ಅಕ್ಷರ. ಎರಡು ಪಾದಗಳನ್ನು ಒಂದೇ ಉಸಿರಿನಲ್ಲಿ ನಿಧಾನವಾಗಿ ಹೇಳಲು ಸುಮಾರು ಏಳು ಸೆಕೆಂಡು, ಉಸಿರು ಎಳೆದುಕೊಳ್ಳಲು ಮೂರು ಸೆಕೆಂಡು. ಅಂದರೆ ಮಂತ್ರ ಒಂದಕ್ಕೆ ಎರಡು ಉಸಿರು, ನಿಮಿಷಕ್ಕೆ ಆರು ಉಸಿರು. ಸಾಮಾನ್ಯವಾಗಿ ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ಗಾಬರಿಯಾದಾಗ ಇನ್ನೂ ಹೆಚ್ಚು.

ಈ ಆರು ಎಂಬ ಸಂಖ್ಯೆಗೆ ಬೆಲೆ ಇದೆ. ಇಟಲಿಯ ಬರ್ನಾರ್ಡಿ ಮತ್ತು ಅವರ ಸಂಗಡಿಗರು 23 ಮಂದಿ ಆರೋಗ್ಯವಂತರನ್ನು ಪರೀಕ್ಷಿಸಿ 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ವರದಿ ಪ್ರಕಟಿಸಿದರು. ಕ್ರೈಸ್ತರ ಜಪಸರದ ಪ್ರಾರ್ಥನೆ ಹೇಳಿದಾಗಲೂ ಬೌದ್ಧ ಮಂತ್ರ ಹೇಳಿದಾಗಲೂ ಉಸಿರು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು. ರಕ್ತದ ಒತ್ತಡದ ಏರಿಳಿತಕ್ಕೆ ತಕ್ಕಂತೆ ಹೃದಯದ ಬಡಿತವನ್ನು ಹೊಂದಿಸುವ ದೇಹದ ವ್ಯವಸ್ಥೆ ಚುರುಕಾಯಿತು. ಬೆಂಗಳೂರಿನ ನಿಮ್ಹಾನ್ಸ್‌ನ ವೈದ್ಯರು 2011ರಲ್ಲಿ ಪ್ರಕಟಿಸಿದ ಒಂದು ಚಿಕ್ಕ ಅಧ್ಯಯನದಲ್ಲಿ, ಓಂಕಾರ ಹೇಳುವಾಗ ಭಯ, ಉದ್ವೇಗಗಳಿಗೆ ಸಂಬಂಧಿಸಿದ ಮೆದುಳಿನ ಭಾಗಗಳ ಚಟುವಟಿಕೆ ತಗ್ಗಿದ್ದು ಕಂಡಿತು. ಎರಡೂ ಕೆಲವೇ ಆರೋಗ್ಯವಂತರ ಮೇಲೆ ನಡೆದ ಅಧ್ಯಯನಗಳು. ಮನಸ್ಸು, ಉಸಿರು ತಹಬಂದಿಗೆ ಬರುತ್ತವೆ ಎನ್ನಲು ಇವು ಆಧಾರವಾದಾವು. ಮಂತ್ರದಿಂದ ರೋಗ ವಾಸಿಯಾಗುತ್ತದೆ ಎನ್ನಲು ಆಧಾರವಲ್ಲ.

ಇದೇ ನಿಧಾನದಲ್ಲಿ 108 ಸಲ ಹೇಳಲು 36 ನಿಮಿಷ ಬೇಕು, 11 ಸಲಕ್ಕೆ ನಾಲ್ಕು ನಿಮಿಷ ಸಾಕು. ಎಣಿಕೆ ಮುಗಿಸಲು ಓಡಿಸಿ ಹೇಳುವುದಕ್ಕಿಂತ 11 ಸಲ ನಿಧಾನವಾಗಿ ಹೇಳುವುದೇ ಮೇಲು.

ವಿಷ ಇಳಿಯುವುದು ಯಾವುದರಿಂದ?

ಮಂತ್ರವನ್ನು ನೆಚ್ಚಿ ಪ್ರಾಣ ಕಳೆದುಕೊಳ್ಳುವ ಸಂದರ್ಭವೊಂದು ನಮ್ಮ ತಾಲ್ಲೂಕುಗಳಲ್ಲಿ ಇಂದಿಗೂ ಇದೆ. ಅದು ಹಾವಿನ ಕಡಿತ. ನಾಲೆಯ ಬಯಲಿನ ಭತ್ತ, ಕಬ್ಬಿನ ಗದ್ದೆಗೆ ರಾತ್ರಿ ನೀರು ಕಟ್ಟಲು ಹೋದವರಿಗೆ, ನಾಗಮಂಗಲದ ಒಣಹೊಲದಲ್ಲಿ ರಾಗಿ ಕೊಯ್ಯುವವರಿಗೆ ಇದರ ಭಯ ಗೊತ್ತು. ಕಚ್ಚಿದ ಕೂಡಲೇ ಮಂತ್ರವಾದಿಯ ಬಳಿಗೆ ಹೊತ್ತುಕೊಂಡು ಹೋಗುವವರುಂಟು. ಕೆಲವರು ಬದುಕಿ ಬರುತ್ತಾರೆ, ಮಂತ್ರವಾದಿಗೆ ಹೆಸರು ಬರುತ್ತದೆ. ಕಾರಣ ಸರಳ: ಅನೇಕ ಹಾವುಗಳಿಗೆ ವಿಷವೇ ಇಲ್ಲ, ವಿಷದ ಹಾವೂ ಕೆಲವೊಮ್ಮೆ ವಿಷ ಬಿಡದೆ ಕಚ್ಚುತ್ತದೆ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲಗಳ ವಿಷ ನಿಜವಾಗಿ ಏರಿದ್ದರೆ ಅದಕ್ಕೆ ಮದ್ದು ವಿಷನಿರೋಧಕ ಚುಚ್ಚುಮದ್ದು ಒಂದೇ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ವರ್ಷಕ್ಕೆ ಸರಾಸರಿ 58,000 ಜನ ಸತ್ತಿದ್ದಾರೆಂದು ಅಂದಾಜು. ಕರ್ನಾಟಕ ಸರ್ಕಾರ 2024ರಲ್ಲಿ, ಹಾವು ಕಡಿತದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕೆಂದು ಆದೇಶಿಸಿತು.

ಆದ್ದರಿಂದ ಗಾಯ ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಹಗ್ಗದಿಂದ ಬಿಗಿಯಾಗಿ ಕಟ್ಟಬೇಡಿ. ಕಚ್ಚಿದ ಕೈಕಾಲು ಅಲುಗದಂತೆ ಪಟ್ಟಿ ಇಟ್ಟು, ನಡೆಸದೆ, ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಿರಿ. ಅಲ್ಲಿಂದ ಮುಂದೆ ಮಂಡ್ಯದ ಮಿಮ್ಸ್, ಬಿ.ಜಿ. ನಗರದ ವೈದ್ಯಕೀಯ ಕಾಲೇಜು ಆಸ್ಪತ್ರೆ, ಮೈಸೂರಿನ ಕೆ.ಆರ್. ಆಸ್ಪತ್ರೆ ಇವೆ. ಕಟ್ಟುಹಾವು ಮಲಗಿದ್ದವರನ್ನು ಕಚ್ಚಿದರೆ ನೋವೂ ಇಲ್ಲದೆ, ಬೆಳಗಾಗುವ ಹೊತ್ತಿಗೆ ರೆಪ್ಪೆ ಜೋತುಬಿದ್ದಿರಬಹುದು, ನೋವಿಲ್ಲವೆಂದು ಕಾಯಬಾರದು. ಜಪವೂ 108, ಆಂಬುಲೆನ್ಸೂ 108: ಮೊದಲು ಆಂಬುಲೆನ್ಸಿಗೆ ಫೋನ್ ಮಾಡಿ. ಗಾಡಿ ಹತ್ತಿದ ಮೇಲೆ ದಾರಿಯುದ್ದಕ್ಕೂ ಮಂತ್ರ ಹೇಳಿ, ಕಚ್ಚಿಸಿಕೊಂಡವರಿಗೂ ಹೇಳಿಕೊಡಿ. ಭಯ ಇಳಿಯುತ್ತದೆ. ವಿಷ ಇಳಿಸುವುದು ಡಾಕ್ಟರ ಕೆಲಸ. ಎದೆನೋವು, ಲಕ್ವ ಬಂದಾಗಲೂ ಇದೇ ಕ್ರಮ.

ಬಹುದಿನದ ಕಾಯಿಲೆಯವರ ಮನೆಯಲ್ಲಿ ಕೆಲವು ಎಚ್ಚರಿಕೆ ಬೇಕು. ಸಕ್ಕರೆ ಕಾಯಿಲೆಯವರು ಜಪಕ್ಕೆಂದು ಉಪವಾಸ ಮಾಡುವ ಮುನ್ನ ಡಾಕ್ಟರನ್ನು ಕೇಳಬೇಕು. ಮಾತ್ರೆ, ಇನ್ಸುಲಿನ್ ಹೊತ್ತು ತಪ್ಪಬಾರದು. ಉಬ್ಬಸದವರ ಕೋಣೆಯಲ್ಲಿ ಊದುಬತ್ತಿ, ಹೋಮದ ಹೊಗೆ ಬೇಡ. ಏದುಸಿರಿನವರಿಂದ ಮಂತ್ರ ಹೇಳಿಸಬೇಡಿ, ಅವರು ಕೇಳಿಸಿಕೊಂಡರೆ ಸಾಕು. ಮೃತ್ಯುಂಜಯ ಹೋಮ ಮಾಡಿಸಲೇಬೇಕೆಂದು ಸಾಲ ತೆಗೆದು, ಡಯಾಲಿಸಿಸ್‌ಗೆ ಇಟ್ಟ ಹಣ ಖರ್ಚು ಮಾಡುವುದು ಯಾವ ಶಾಸ್ತ್ರಕ್ಕೂ ಬೇಡದ ಕೆಲಸ. ಮಗ್ಗುಲಲ್ಲಿ ಕುಳಿತು ಮೆಲ್ಲಗೆ ಹನ್ನೊಂದು ಸಲ ಹೇಳಲು ಖರ್ಚಿಲ್ಲ. ಹಗಲಿರುಳು ಶುಶ್ರೂಷೆ ಮಾಡಿ ಬಳಲಿದ ಸೊಸೆಗೋ ಮಗನಿಗೋ ಆ ನಾಲ್ಕು ನಿಮಿಷ ರೋಗಿಗಿಂತಲೂ ಹೆಚ್ಚು ಬೇಕಾಗಿರುತ್ತದೆ.

ಆಸ್ಪತ್ರೆಯ ವಾರ್ಡಿನಲ್ಲಿ ಮೊಬೈಲಿನಲ್ಲಿ ಜಪ ಹಾಕುವುದಾದರೆ ಸದ್ದು ತಗ್ಗಿಸಿ, ರಾತ್ರಿ ನಿಲ್ಲಿಸಿ. ಪಕ್ಕದ ಮಂಚದವರಿಗೆ ನಿದ್ದೆ ಬೇಕು.