ಸಾವಿರದ ಎಂಟುನೂರು ರೂಪಾಯಿಯ ಅವಸರ

ಮಿರ್ಜಾನ್ ಕೋಟೆಯ ಬುರುಜಿನ ಮೇಲೆ ಅಮ್ಮ ಆಗಷ್ಟೇ ಕೂತಿದ್ದಳು. ಮಳೆಗಾಲ ಮುಗಿದು ಹೆಚ್ಚು ದಿನ ಆಗಿರಲಿಲ್ಲ. ಕೆಂಪುಕಲ್ಲಿನ ಗೋಡೆಗಳ ಮೇಲೆ ಇನ್ನೂ ಪಾಚಿ, ಒಳಗಿನ ಬಯಲಿನ ತುಂಬ ಹುಲ್ಲು. ಮೂವತ್ತೆರಡು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವಳು ಅವಳು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆಯುತ್ತಿದ್ದರೆಂದು ಅದೆಷ್ಟು ಮಕ್ಕಳಿಗೆ ಹೇಳಿದ್ದಳೋ. ಆ ರಾಣಿಯ ಕೋಟೆಗೆ ಕಾಲಿಟ್ಟಿದ್ದು ಮಾತ್ರ ಎಪ್ಪತ್ತೊಂದನೆಯ ವಯಸ್ಸಿನಲ್ಲಿ. "ಇನ್ನೊಂದು ಗಳಿಗೆ ಕೂತಿರೋಣ ಕಣೋ" ಅಂದಳು. ನಾನು ಗಡಿಯಾರ ನೋಡಿಕೊಂಡು, "ಏಳರೊಳಗೆ ಗೋಕರ್ಣದ ರೂಮಿಗೆ ಹೋಗ್ಬೇಕಮ್ಮ, ದುಡ್ಡು ಕಟ್ಟಿಬಿಟ್ಟಿದೀನಿ" ಅಂದೆ. ಅವಳು ಮರುಮಾತಾಡದೆ ಎದ್ದಳು.

ಕಳೆದ ನವೆಂಬರಿನ ಆ ಪ್ರವಾಸದ ಖರ್ಚಿನ ಪುಸ್ತಕ ನನ್ನ ಮುಂದಿದೆ. ಬೆಂಗಳೂರಿನಿಂದ ಶಿರಾಡಿ ಘಾಟಿ ಇಳಿದು ಉಡುಪಿ, ಅಲ್ಲಿಂದ ಹೆದ್ದಾರಿ 66ರಲ್ಲಿ ಮುರುಡೇಶ್ವರ, ಹೊನ್ನಾವರ, ಗೋಕರ್ಣ, ಕಾರವಾರ. ಆಮೇಲೆ ಅಣಶಿ ಘಾಟಿ ಹತ್ತಿ ದಾಂಡೇಲಿ, ಶಿರಸಿ, ಬನವಾಸಿ. ನಾನು, ಹೆಂಡತಿ, ಮಗಳು, ಅಮ್ಮ, ನಮ್ಮದೇ ಕಾರು. ಆರು ರಾತ್ರಿ, 1,480 ಕಿ.ಮೀ. ಪೆಟ್ರೋಲಿಗೆ 10,160, ಕೋಣೆಗಳಿಗೆ 20,400, ಊಟ-ತಿಂಡಿಗೆ 10,500, ದೋಣಿ, ಸಫಾರಿ, ಟಿಕೆಟ್ಟು ಎಲ್ಲ ಸೇರಿ 6,300. ಒಟ್ಟು 47,360 ರೂಪಾಯಿ. ಇದಕ್ಕೆಂದೇ ತಿಂಗಳಿಗೆ 4,000ದಂತೆ ಒಂದು ವರ್ಷ ಆರ್‌.ಡಿ. ಕಟ್ಟಿದ್ದೆ, ಹಾಗಾಗಿ ಸಾಲದ ಮಾತೇ ಬರಲಿಲ್ಲ. ಲೆಕ್ಕದ ದೃಷ್ಟಿಯಿಂದ ಒಳ್ಳೆಯ ಪ್ರವಾಸವೇ. ಆದರೆ ಪುಸ್ತಕದಲ್ಲಿ ಇನ್ನೊಂದು ಸಾಲಿದೆ: ಕಾರಿನ ಬಾಗಿಲು ರಿಪೇರಿ, 8,600.

ಉಡುಪಿ, ಮುರುಡೇಶ್ವರ, ಗೋಕರ್ಣ ಮೂರೂ ಕಡೆ ಎರಡು ತಿಂಗಳು ಮೊದಲೇ ಕೋಣೆ ಹಿಡಿದಿದ್ದೆ. ರದ್ದು ಮಾಡಿದರೆ ಹಣ ವಾಪಸಿಲ್ಲ ಎಂಬ ಷರತ್ತಿಗೆ ಒಪ್ಪಿದರೆ ರಾತ್ರಿಗೆ 600 ರೂಪಾಯಿ ಕಡಿಮೆ. ಮೂರು ರಾತ್ರಿಗೆ 1,800 ಉಳಿಯಿತು ಅಂದುಕೊಂಡೆ. ಆ ಹಣಕ್ಕೆ ಪ್ರತಿಯಾಗಿ ಏನು ಕೊಟ್ಟೆನೆಂಬುದು ಮರವಂತೆಯಿಂದಲೇ ಗೊತ್ತಾಗತೊಡಗಿತು. ಅಲ್ಲಿ ರಸ್ತೆಯ ಒಂದು ಮಗ್ಗುಲಿಗೆ ಅರಬ್ಬಿ ಸಮುದ್ರ, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ ಹೊಳೆ. ಬಸ್ಸಿನಲ್ಲಿ ಹೋಗುವವರು ಕಿಟಕಿಯಿಂದ ನೋಡಿ ಸಮಾಧಾನಪಡಬೇಕು. ಕಾರಿದ್ದವರು ಇಳಿದು, ಎರಡು ನೀರಿನ ನಡುವೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನಿಲ್ಲಬಹುದು. ನಾವು ಹತ್ತು ನಿಮಿಷ ನಿಂತೆವು. ಹೊನ್ನಾವರದಲ್ಲಿ ಶರಾವತಿಯ ಕಾಂಡ್ಲಾ ಕಾಡಿನ ನಡುವಿನ ಹಲಗೆ ದಾರಿಯಲ್ಲಿ ಮಗಳು ಏಡಿ ನೋಡುತ್ತ ಕೂತಿದ್ದಳು, ಅವಳನ್ನೂ ಎಬ್ಬಿಸಿದೆ. ಸ್ವಂತ ಕಾರಿನಲ್ಲಿ ಹೋಗುವುದು ಬಸ್ಸು-ರೈಲಿಗಿಂತ ಅಗ್ಗ ಎಂದಲ್ಲ. ಬೆಂಗಳೂರಿನಿಂದ ಕಾರವಾರಕ್ಕೆ ಪಂಚಗಂಗಾ ಎಕ್ಸ್‌ಪ್ರೆಸ್ ಇದೆ, ರಾತ್ರಿ ಮಲಗಿದರೆ ಬೆಳಿಗ್ಗೆ ಕರಾವಳಿ. ನಾವು ಹೆಚ್ಚಿಗೆ ಹಣ ಸುರಿಯುವುದು ಬೇಕಾದಲ್ಲಿ ನಿಲ್ಲುವ ಸ್ವಾತಂತ್ರ್ಯಕ್ಕೆ. ಅಷ್ಟು ದುಡ್ಡು ಕೊಟ್ಟು ಕೊಂಡದ್ದನ್ನು ನಾನು 1,800 ರೂಪಾಯಿಗೆ ಮಾರಿಬಿಟ್ಟಿದ್ದೆ.

ಗೋಕರ್ಣ ತಲುಪುವ ಹೊತ್ತಿಗೆ ಕತ್ತಲಾಗಿತ್ತು. ಗುರುತಿಲ್ಲದ ಇಕ್ಕಟ್ಟಿನ ಓಣಿ, ಎದುರಿಗೊಂದು ಗೂಡ್ಸ್ ಗಾಡಿ. ಹಿಂದಕ್ಕೆ ತೆಗೆಯುವಾಗ ಚಿರೆಕಲ್ಲಿನ ಪಾಗಾರ ಎಡಗಡೆಯ ಎರಡೂ ಬಾಗಿಲು ಉಜ್ಜಿತು. ಯಾರಿಗೂ ಏನೂ ಆಗಲಿಲ್ಲ, ಅದು ದೇವರ ದಯೆ.

ಬೆಂಗಳೂರಿಗೆ ಬಂದ ಮೇಲೆ ಗ್ಯಾರೇಜಿನವರು ಮೊದಲು ಕೇಳಿದ್ದು "ಇನ್ಶೂರೆನ್ಸ್ ಕ್ಲೇಮ್ ಮಾಡ್ತೀರಾ ಸಾರ್?" ಎಂದು. ಬಹಳ ಜನ ಯೋಚಿಸದೆ ಹೂಂ ಅನ್ನುತ್ತಾರೆ. ಪ್ರೀಮಿಯಂ ಕಟ್ಟಿದ್ದೇವಲ್ಲ, ಬಿಡುವುದೇಕೆ ಎಂಬ ಭಾವನೆ. ನಾನು ಪೆನ್ನು ಹಿಡಿದು ಕೂತೆ. ಕ್ಲೇಮ್ ಇಲ್ಲದೆ ಒಂದು ವರ್ಷ ಕಳೆದರೆ ಓನ್ ಡ್ಯಾಮೇಜ್ (ನಮ್ಮದೇ ಕಾರಿನ ಹಾನಿಯ) ಪ್ರೀಮಿಯಂನಲ್ಲಿ ಶೇ 20 ರಿಯಾಯಿತಿ, ಎರಡು ವರ್ಷಕ್ಕೆ 25, ಮೂರಕ್ಕೆ 35, ನಾಲ್ಕಕ್ಕೆ 45, ಐದಕ್ಕೆ 50. ಇದು ನೋ ಕ್ಲೇಮ್ ಬೋನಸ್. ಒಂದೇ ಒಂದು ಕ್ಲೇಮ್ ಮಾಡಿದರೂ ಸಾಮಾನ್ಯ ಪಾಲಿಸಿಯಲ್ಲಿ ಅದು ಸೊನ್ನೆಗೆ ಇಳಿದು ಮತ್ತೆ ಮೊದಲ ಮೆಟ್ಟಿಲಿನಿಂದ ಹತ್ತಬೇಕು. ನನ್ನದು 35ರಲ್ಲಿತ್ತು. ಸುಮ್ಮನಿದ್ದರೆ ಮುಂದಿನ ವರ್ಷ 45, ಅದರಾಚೆ 50. ಕ್ಲೇಮ್ ಮಾಡಿದರೆ ಮೊದಲು ಸೊನ್ನೆ, ಆಮೇಲೆ 20, 25, 35, 45. ರಿಯಾಯಿತಿಗೆ ಮುಂಚಿನ ಪ್ರೀಮಿಯಂ ವರ್ಷಕ್ಕೆ 10,000 ಎಂದಿಟ್ಟುಕೊಂಡರೆ ಐದು ವರ್ಷದಲ್ಲಿ ಕಳೆದುಕೊಳ್ಳುವುದು 4,500, 3,000, 2,500, 1,500 ಮತ್ತು 500, ಅಂದರೆ 12,000. ಕಾರು ಹಳೆಯದಾದಂತೆ ಪ್ರೀಮಿಯಂ ಇಳಿಯುವುದರಿಂದ ಇದು ಸ್ವಲ್ಪ ಕಡಿಮೆಯಾದೀತು. ಆದರೂ 8,600ರ ಬಿಲ್ಲಿನಲ್ಲಿ ಕಡ್ಡಾಯವಾಗಿ ನಾವೇ ಭರಿಸಬೇಕಾದ 1,000 ಕಳೆದ ಮೇಲೆ ಸಿಗುವ ಮೊತ್ತಕ್ಕಿಂತ ಹೆಚ್ಚೇ. ಕೈಯಿಂದಲೇ ಕೊಟ್ಟೆ. ಇನ್ಶೂರೆನ್ಸ್ ಇರುವುದು ನಮ್ಮ ಬೆನ್ನು ಮುರಿಯುವಂಥ ನಷ್ಟಕ್ಕೆ, ಗೀರು ಒರೆಸುವುದಕ್ಕಲ್ಲ ಎಂಬುದು ನನ್ನ ನಂಬಿಕೆ.

ಬಾಡಿಗೆ ಕಾರಿನಲ್ಲಿ ಹೋಗುವವರಿಗೆ ಒಂದು ಮಾತು ಹೇಳದೆ ಇರಲಾರೆ. ಸ್ವತಃ ಓಡಿಸಲು ಬಾಡಿಗೆಗೆ ಕೊಡುವ ಕಾರಿಗೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರ ಇರಬೇಕು. ಪರಿಚಯದವರೊಬ್ಬರು ದಿನಕ್ಕೆ ಮುನ್ನೂರು-ನಾನೂರು ಉಳಿಯುತ್ತದೆಂದು ಯಾರದೋ ವೈಟ್ ಬೋರ್ಡ್ ಕಾರು ಬಾಡಿಗೆಗೆ ಪಡೆದು ಘಾಟಿಯಲ್ಲಿ ಗುದ್ದಿಕೊಂಡರು. ಖಾಸಗಿ ಬಳಕೆಯ ಪಾಲಿಸಿಯಿರುವ ಕಾರು ಬಾಡಿಗೆಗೆ ಓಡುತ್ತಿತ್ತೆಂದು ಕ್ಲೇಮ್ ತಿರಸ್ಕೃತವಾಯಿತು. ಮಾಲೀಕ ಇವರ ಮನೆ ಬಾಗಿಲಿಗೆ ಬಂದು ಕೂತ. ಆ ಮನೆಯವರು ಪಟ್ಟ ಪಾಡು ನೋಡಿದ್ದೇನೆ.

ಸ್ವಂತ ಕಾರಾದರೆ ಪೆಟ್ರೋಲನ್ನೇ ಪೂರ್ತಿ ಖರ್ಚು ಎಂದುಕೊಳ್ಳುವುದು ಇನ್ನೊಂದು ತಪ್ಪು. ಲೀಟರಿಗೆ 15 ಕಿ.ಮೀ. ಸಿಕ್ಕರೆ ಕಿಲೋಮೀಟರಿಗೆ ಹತ್ತಿರಹತ್ತಿರ 7 ರೂಪಾಯಿ. ಟೈರು, ಸರ್ವಿಸ್, ಮರುಮಾರಾಟದಲ್ಲಿ ಇಳಿಯುವ ಬೆಲೆ ಸೇರಿಸಿದರೆ ನನ್ನ ಕಾರಿಗೆ ಹತ್ತು ಬೀಳುತ್ತದೆ. ಆ ಮೂರು ರೂಪಾಯಿಯ ವ್ಯತ್ಯಾಸವನ್ನು, 4,440, ಊರಿಗೆ ಬಂದ ದಿನವೇ ಕಾರಿನ ಖಾತೆಗೆ ಹಾಕಿದೆ. ಬರುವ ವರ್ಷ ಟೈರು ಬದಲಿಸುವಾಗ ಒಮ್ಮೆಗೇ ಕೈ ಸುಡುವುದಿಲ್ಲ. ಟೋಲಿಗೆ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಮಾಡಿಸಿದ್ದೆ. 2025ರ ಆಗಸ್ಟ್ 15ರಂದು ಶುರುವಾದದ್ದು, ಆಗ 3,000 ರೂಪಾಯಿಗೆ 200 ಸಲ ದಾಟಬಹುದಿತ್ತು. ಖಾಸಗಿ ವಾಹನಕ್ಕೆ ಮಾತ್ರ, ಬಾಡಿಗೆ ಕಾರಿಗೆ ಇಲ್ಲ.

ಗೋಕರ್ಣದಿಂದ ಹೊರಟ ಬೆಳಿಗ್ಗೆ ಅಂಕೋಲಾಕ್ಕೆ ಮುಂಚೆ ಶಿರೂರು ಸಿಕ್ಕಿತು. 2024ರ ಜುಲೈ 16ರಂದು ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜೀವಗಳು ಹೋದ ಜಾಗ. ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ಅಮ್ಮ ಗಂಗಾವಳಿಯ ಕಡೆ ಕೈಮುಗಿದಳು. ಮೂರು ವಾರ ಕಳೆದು ಆಗಸ್ಟ್ 7ರಂದು ಬೆಳಗಾಗುವ ಮುನ್ನ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಬಿದ್ದಿತ್ತು. ಇಂಥ ದಾರಿಯಲ್ಲಿ ಏಳು ಗಂಟೆಯೊಳಗೆ ತಲುಪಲೇಬೇಕೆಂಬ ಹಟ ಹಿಡಿದು ಹೊರಟದ್ದೇ ತಪ್ಪೆಂದು ನನಗೆ ಮನಸಾರೆ ಅನ್ನಿಸಿದ್ದು ಅಲ್ಲೇ.

ದಾಂಡೇಲಿಗೆ ಒಂದೇ ರಾತ್ರಿ ಎಂದಿದ್ದೆ. ಅಲ್ಲಿ ಹೋಮ್‌ಸ್ಟೇಯವರು ಮುಂಗಡ ಕೇಳಿರಲಿಲ್ಲ. ಬೆಳಿಗ್ಗೆ ಊರಿನ ಹುಡುಗನೊಬ್ಬನನ್ನು ಗೈಡ್ ಮಾಡಿಕೊಂಡು ಮರದ ಡಿಪೋ ಕಡೆ ಹೋದೆವು. ತಲೆಯ ಮೇಲೆ ಉಗಿಬಂಡಿಯ ಹಾಗೆ ರೆಕ್ಕೆ ಸದ್ದು ಮಾಡುತ್ತ ದೊಡ್ಡ ಮಂಗಟ್ಟೆ ಜೋಡಿಯೊಂದು ಹಾದುಹೋಯಿತು. ಮಗಳು ನನ್ನ ಕೈ ಹಿಡಿದವಳು ಅವು ಕಣ್ಮರೆಯಾಗುವವರೆಗೂ ಬಿಡಲಿಲ್ಲ. "ಅಪ್ಪ, ನಾಳೆನೂ ಬರೋಣ." ಆಫೀಸಿಗೆ ಒಂದು ರಜೆ ಹೇಳಿ ಉಳಿದುಬಿಟ್ಟೆವು. ಕೋಣೆ, ಊಟ, ಗೈಡ್ ಸೇರಿ ಆ ದಿನ 5,100 ಹೆಚ್ಚಿಗೆ ಆಯಿತು. ಇಡೀ ಪುಸ್ತಕದಲ್ಲಿ ನನಗೆ ಅತ್ಯಂತ ತೃಪ್ತಿ ಕೊಡುವ ಸಾಲು ಅದೇ. ಸಂಜೆ ಕಾಳಿ ಹುಲಿ ಮೀಸಲು ಪ್ರದೇಶದ ಸಫಾರಿಯಲ್ಲಿ ಹುಲಿ ಕಾಣಲಿಲ್ಲ, ಕಾಟಿಗಳ ಹಿಂಡು ಕಂಡಿತು.

ಹಾಗೆಂದು ಡಿಸೆಂಬರ್ ಕೊನೆಯ ವಾರ, ಉದ್ದದ ವಾರಾಂತ್ಯಗಳಲ್ಲಿ ಕೋಣೆ ಹಿಡಿಯದೆ ಕರಾವಳಿಗೆ ಇಳಿಯಬೇಡಿ, ಮಕ್ಕಳನ್ನು ಕಟ್ಟಿಕೊಂಡು ಅಲೆಯಬೇಕಾಗುತ್ತದೆ. ಆಗಲೂ 600 ಹೆಚ್ಚಿಗೆ ಕೊಟ್ಟು ರದ್ದು ಮಾಡುವ ಅವಕಾಶ ಇಟ್ಟುಕೊಳ್ಳಿ. ಉಳಿದ ದಿನಗಳಲ್ಲಿ ಮೊದಲ ರಾತ್ರಿಯದು ಮಾತ್ರ ಗಟ್ಟಿ ಮಾಡಿಕೊಂಡರೆ ಸಾಕು.

ಆರನೆಯ ದಿನ ಬನವಾಸಿಗೆ ಬಂದಾಗ ಇಳಿಹೊತ್ತು. ಮಧುಕೇಶ್ವರನ ಗುಡಿಯಲ್ಲಿ ಅಮ್ಮ ಕಲ್ಲಿನ ಮಂಚದ ಕೆತ್ತನೆಯನ್ನು ಸುತ್ತು ಹಾಕಿ ನೋಡಿದಳು. ಕದಂಬರು, ಮಯೂರವರ್ಮ, ಪಂಪ, ಎಲ್ಲವನ್ನೂ ಮೊಮ್ಮಗಳಿಗೆ ಹೇಳಿದಳು. ಆಮೇಲೆ ಪ್ರಾಕಾರದ ಜಗಲಿಯ ಮೇಲೆ ಕಾಲು ಚಾಚಿ ಕೂತವಳು, ಬಿಸಿಲು ಗೋಪುರದಿಂದ ಇಳಿಯುತ್ತಿದ್ದಂತೆ ನನ್ನ ಮುಖ ನೋಡಿದಳು.

"ಹೊರಡೋಣವೇನೋ? ರಾತ್ರಿ ಎಲ್ಲಿ ಉಳಿಯೋದು?"

"ಎಲ್ಲೂ ದುಡ್ಡು ಕಟ್ಟಿಲ್ಲಮ್ಮ. ಕೂತ್ಕೋ."

ಅವಳು ಮತ್ತೆ ಕಾಲು ಚಾಚಿ, ಮೊಮ್ಮಗಳನ್ನು ಹತ್ತಿರ ಕರೆದು, ಪಂಪನ ಕತೆ ಬಿಟ್ಟಲ್ಲಿಂದ ಮುಂದುವರಿಸಿದಳು.