ಆಪತ್ಕಾಲದ ರಜೆ: ನೌಕರನು ತಿಳಿದಿರಬೇಕಾದ ವಿಚಾರಗಳು

ಉದ್ಯೋಗನಿಮಿತ್ತವಾಗಿ ಮುಂಬಯಿ, ಪುಣೆ, ಚೆನ್ನೈ, ದೆಹಲಿ ಮೊದಲಾದ ನಗರಗಳಲ್ಲಿ ನೆಲಸಿರುವ ಕನ್ನಡಿಗರ ಮನೆಗಳಲ್ಲಿ ಒಂದು ಆತಂಕ ಸದಾ ಮನೆಮಾಡಿಕೊಂಡಿರುತ್ತದೆ. ವೃದ್ಧರಾದ ತಂದೆತಾಯಿಗಳು ಊರಿನಲ್ಲಿ. ದುಡಿಯುವ ಮಕ್ಕಳು ದೂರದ ನಗರದಲ್ಲಿ. ಹಿಂದೆ ‘ತಾಯಿಗೆ ಅಸೌಖ್ಯ, ಕೂಡಲೆ ಹೊರಟು ಬಾ’ ಎಂದು ತಂತಿ ಬರುತ್ತಿತ್ತು. 2013ರ ಜುಲೈಯಲ್ಲಿ ತಂತಿಯ ಸೇವೆ ನಿಂತುಹೋಯಿತು. ಅದೇ ವಾರ್ತೆಯನ್ನು ಈಗ ದೂರವಾಣಿ ನಡುರಾತ್ರಿಯಲ್ಲಿ ತರುತ್ತದೆ. ಸಿಕ್ಕ ಬಸ್ಸನ್ನೋ ರೈಲನ್ನೋ ಹಿಡಿದು ಹೊರಡುವ ಮಗನಿಗೆ ಆ ಗಳಿಗೆಯಲ್ಲಿ ಕಚೇರಿಯ ನೆನಪು ಬಾರದಿರುವುದು ಸಹಜವೇ. ಆದರೆ ಹದಿನೈದು ದಿನಗಳ ಬಳಿಕ ಮರಳಿದವನಿಗೆ ‘ಅನುಮತಿಯಿಲ್ಲದೆ ಗೈರುಹಾಜರಾದುದೇಕೆ?’ ಎಂಬ ನೋಟೀಸು ಕಾದಿದ್ದರೆ, ಮನೆಯ ದುಃಖದೊಡನೆ ಹೊಟ್ಟೆಪಾಡಿನ ಚಿಂತೆಯೂ ಸೇರಿಕೊಳ್ಳುತ್ತದೆ. ಈ ಎರಡನೆಯ ಸಂಕಟವನ್ನು ಬಹುಮಟ್ಟಿಗೆ ತಪ್ಪಿಸಬಹುದು. ಅದಕ್ಕೆ ಬೇಕಾದುದು ರಜೆಯ ನಿಯಮಗಳ ಸಾಮಾನ್ಯ ಜ್ಞಾನ.

ತುರ್ತು ರಜೆ ಎಂಬುದುಂಟೇ?

ಸರಕಾರದ ರಜೆಯ ನಿಯಮಗಳಲ್ಲಿ ‘ತುರ್ತು ರಜೆ’ ಎಂಬ ಹೆಸರಿನ ಪ್ರತ್ಯೇಕ ರಜೆಯಿಲ್ಲ. ತಂದೆತಾಯಿಗಳ ಮರಣಕ್ಕೆಂದು ಬೇರೆ ರಜೆಯೂ ಇಲ್ಲ. ಆಪತ್ತು ಬಂದಾಗ ಇರುವ ರಜೆಗಳಲ್ಲಿಯೇ ಸರಿಯಾದುದನ್ನು ಆರಿಸಿಕೊಳ್ಳಬೇಕು.

ಇವುಗಳಲ್ಲಿ ಮೊದಲನೆಯದು ಸಾಂದರ್ಭಿಕ ರಜೆ, ಎಂದರೆ ಎಲ್ಲರೂ ಬಲ್ಲ ಸಿ.ಎಲ್. ಕೇಂದ್ರ ಸರಕಾರದ ನೌಕರರಿಗೆ ಇದು ವರ್ಷಕ್ಕೆ 8 ದಿನ. ಸಾಮಾನ್ಯವಾಗಿ ಒಮ್ಮೆಗೆ 5 ದಿನಗಳನ್ನು ಮೀರುವಂತಿಲ್ಲ. ನಡುವೆ ಬರುವ ಭಾನುವಾರ, ಹಬ್ಬದ ರಜೆಗಳು ಇದರ ಲೆಕ್ಕಕ್ಕೆ ಸೇರುವುದಿಲ್ಲ. ವರ್ಷಾಂತ್ಯದಲ್ಲಿ ಉಳಿದುದು ಇಲ್ಲವಾಗುತ್ತದೆ.

ಎರಡನೆಯದು ಗಳಿಕೆ ರಜೆ. 1972ರ ಕೇಂದ್ರ ನಾಗರಿಕ ಸೇವಾ ರಜೆ ನಿಯಮಗಳಂತೆ ಜನವರಿ ಒಂದರಂದು 15, ಜುಲೈ ಒಂದರಂದು 15, ಒಟ್ಟು ವರ್ಷಕ್ಕೆ 30 ದಿನ ಜಮೆಯಾಗುತ್ತದೆ. ಮೂರನೆಯದು ಅರ್ಧವೇತನ ರಜೆ, ವರ್ಷಕ್ಕೆ 20 ದಿನ. ಇದನ್ನು ಸ್ವಂತ ಕೆಲಸಗಳಿಗೂ ಪಡೆಯಬಹುದು. ವೃದ್ಧ ತಂದೆತಾಯಿಗಳ ಆರೈಕೆಯೂ ಸೇರಿದಂತೆ ಯಾವುದೇ ವೈಯಕ್ತಿಕ ಕಾರಣಕ್ಕೆ ಈ ರಜೆಗಳನ್ನು ಬಳಸಬಹುದೆಂದು ಕೇಂದ್ರ ಸರಕಾರ 2025ರ ಜುಲೈಯಲ್ಲಿ ರಾಜ್ಯಸಭೆಯಲ್ಲಿ ಸ್ಪಷ್ಟಪಡಿಸಿತು. ಬಂಧುವಿಗೆ ಮೂತ್ರಪಿಂಡವೇ ಮೊದಲಾದ ಅಂಗವನ್ನು ದಾನಮಾಡುವ ನೌಕರನಿಗೆ 42 ದಿನಗಳವರೆಗೆ ವಿಶೇಷ ಸಾಂದರ್ಭಿಕ ರಜೆ ಕೊಡುವ ಆದೇಶ 2023ರಲ್ಲಿ ಹೊರಟಿತು.

ಆದರೆ ಒಂದು ಮಾತನ್ನು ಮರೆಯಬಾರದು. ರಜೆ ಖಾತೆಯಲ್ಲಿದ್ದರೂ ಅದು ಹಕ್ಕಲ್ಲವೆಂದು ಅದೇ ನಿಯಮಗಳ 7ನೆಯ ನಿಯಮ ಹೇಳುತ್ತದೆ. ಮೇಲಧಿಕಾರಿ ರಜೆಯನ್ನು ನಿರಾಕರಿಸಬಹುದು. ಆದರೆ ನೌಕರನು ಕೇಳಿದ ರಜೆಯ ಬಗೆಯನ್ನು ತಾನಾಗಿ ಬದಲಿಸುವಂತಿಲ್ಲ. ಆದುದರಿಂದ ಯಾವ ರಜೆಯನ್ನು ಕೇಳಬೇಕೆಂಬ ವಿವೇಚನೆ ನೌಕರನದೇ.

ಒಂದು ಉದಾಹರಣೆ

ಮುಂಬಯಿಯ ಕೇಂದ್ರ ಸರಕಾರಿ ಕಚೇರಿಯೊಂದರ ನೌಕರನ ತಂದೆಗೆ ಧಾರವಾಡದಲ್ಲಿ ಶುಕ್ರವಾರ ರಾತ್ರಿ ಪಾರ್ಶ್ವವಾಯು ಬಡಿಯಿತೆನ್ನೋಣ. ಶನಿವಾರ, ಭಾನುವಾರ ಹೇಗೂ ರಜೆ. ಸೋಮವಾರದಿಂದ ಬುಧವಾರದವರೆಗೆ ಅವನು ಮೂರು ದಿನ ಸಾಂದರ್ಭಿಕ ರಜೆ ಕೇಳುತ್ತಾನೆ. ಬುಧವಾರ ವೈದ್ಯರು ಇನ್ನೂ ಹತ್ತು ದಿನ ಆಸ್ಪತ್ರೆಯಲ್ಲಿರಬೇಕೆನ್ನುತ್ತಾರೆ. ಹೆಚ್ಚಿನವರು ತಪ್ಪುವುದು ಇಲ್ಲಿಯೇ. ಸಾಂದರ್ಭಿಕ ರಜೆಗೆ ಗಳಿಕೆ ರಜೆಯನ್ನು ಜೋಡಿಸುವಂತಿಲ್ಲ. ಮೂರು ದಿನ ಅದು, ಮುಂದಿನದು ಇದು ಎಂದು ಬರೆದ ಅರ್ಜಿ ಮರಳಿ ಬರುತ್ತದೆ. ಹೊರಟ ಸೋಮವಾರದಿಂದಲೇ ಎಲ್ಲವನ್ನೂ ಗಳಿಕೆ ರಜೆಯೆಂದು ಪರಿಗಣಿಸಬೇಕಾಗಿ ಕೇಳಿಕೊಳ್ಳುವುದು ಸರಿಯಾದ ಮಾರ್ಗ. ಎರಡನೆಯ ವಾರದ ಶುಕ್ರವಾರದವರೆಗೆ ಲೆಕ್ಕ ಹಾಕಿದರೆ, ನಡುವಣ ಶನಿವಾರ ಭಾನುವಾರಗಳೂ ಸೇರಿ 12 ದಿನಗಳು ಖರ್ಚಾಗುತ್ತವೆ; ಸಾಂದರ್ಭಿಕ ರಜೆ ಹಾಗೆಯೇ ಉಳಿಯುತ್ತದೆ. ಮನೆಯಲ್ಲಿ ಮರಣ ಸಂಭವಿಸಿ, ಹದಿಮೂರು ದಿನಗಳ ಉತ್ತರಕ್ರಿಯೆಗಳನ್ನು ನಡೆಸಬೇಕಾದವನಿಗೂ ಇದೇ ದಾರಿ.

ಬ್ಯಾಂಕುಗಳ ನಿಯಮ ತುಸು ಬೇರೆ. ರಾಷ್ಟ್ರೀಕೃತ ಬ್ಯಾಂಕಿನ ಅಧಿಕಾರಿಗೆ ವರ್ಷಕ್ಕೆ 12 ದಿನ ಸಾಂದರ್ಭಿಕ ರಜೆಯುಂಟು. ಒಮ್ಮೆಗೆ 4 ದಿನಗಳಿಗಿಂತ ಹೆಚ್ಚಿಲ್ಲ. ಪ್ರತಿಯೊಬ್ಬನೂ ತನ್ನ ಸಂಸ್ಥೆಯ ನಿಯಮವನ್ನು ಆರಾಮವಾಗಿರುವಾಗಲೇ ಓದಿಟ್ಟುಕೊಳ್ಳುವುದು ಲೇಸು.

ಸುಳ್ಳು ಪ್ರಮಾಣಪತ್ರದ ಅಪಾಯ

ರಜೆ ಸಿಗದೆಂಬ ಭಯದಿಂದ, ತಾಯಿಯ ಕಾಯಿಲೆಗಾಗಿ ಊರಿಗೆ ಹೋದವನು ತನಗೇ ಜ್ವರವಿತ್ತೆಂದು ವೈದ್ಯರಿಂದ ಬರೆಸಿ ತರುವುದುಂಟು. ಪರಿವರ್ತಿತ ರಜೆಗೆ ವೈದ್ಯಕೀಯ ಪ್ರಮಾಣಪತ್ರ ಬೇಕು. ಅದು ನೌಕರನ ಸ್ವಂತ ಅನಾರೋಗ್ಯಕ್ಕೆ ಮೀಸಲು. ಅದರ 10 ದಿನಗಳಿಗೆ ಅರ್ಧವೇತನ ರಜೆಯ 20 ದಿನಗಳು ಖರ್ಚಾಗುತ್ತವೆ. ಇಷ್ಟಕ್ಕಾಗಿ ಹೇಳುವ ಸುಳ್ಳು ಬಯಲಾದರೆ, ನಿಜವಾದ ಕಾರಣಕ್ಕೆ ದೊರೆಯಬಹುದಾಗಿದ್ದ ಸಹಾನುಭೂತಿಯೂ ಹೋಗಿ ಶಿಸ್ತುಕ್ರಮ ಎದುರಾಗುತ್ತದೆ. ಸುಳ್ಳು ಪತ್ರಕ್ಕೆ ಸಹಿಮಾಡುವ ವೈದ್ಯನೂ 2002ರ ವೈದ್ಯಕೀಯ ಪರಿಷತ್ತಿನ ನಿಯಮಗಳಂತೆ ತನ್ನ ನೋಂದಣಿಗೆ ಸಂಚಕಾರ ತಂದುಕೊಳ್ಳುತ್ತಾನೆ. ತಾಯಿಯ ಕಾಯಿಲೆ ನಾಚಿಕೆಯ ವಿಷಯವಲ್ಲ. ಅದನ್ನು ಇದ್ದಂತೆಯೇ ಬರೆದು, ಆಸ್ಪತ್ರೆಯ ದಾಖಲೆಯ ಪ್ರತಿಯನ್ನು ಲಗತ್ತಿಸುವುದೇ ಕ್ಷೇಮ.

ತಿಳಿಸುವುದೇ ಮುಖ್ಯ

ಆಪತ್ತಿಗೆ ಮುಂಗಡ ಅನುಮತಿ ಸಾಧ್ಯವಿಲ್ಲವೆಂಬುದನ್ನು ಕಾನೂನು ಅರಿಯದೆ ಇಲ್ಲ. ಕಾರ್ಖಾನೆಗಳಿಗಾಗಿ 1946ರಲ್ಲಿ ರಚಿತವಾದ ಮಾದರಿ ಸ್ಥಾಯಿ ಆದೇಶಗಳು, ಮುಂಗಾಣಲಾಗದ ಸಂದರ್ಭಗಳಿಗೆಂದೇ ಸಾಂದರ್ಭಿಕ ರಜೆ ಇರುವುದೆಂದು ಹೇಳಿದವು. ಪೂರ್ವಾನುಮತಿ ಸಾಧ್ಯವಾಗದಿದ್ದರೆ, ಗೈರುಹಾಜರಿಯನ್ನೂ ಅದು ಸುಮಾರು ಎಷ್ಟು ದಿನವೆಂಬುದನ್ನೂ ಆದಷ್ಟು ಬೇಗ ಲಿಖಿತವಾಗಿ ತಿಳಿಸಬೇಕೆಂದು ವಿಧಿಸಿದವು. ಈ ಒಂದು ವಾಕ್ಯದಲ್ಲಿ ಇಡೀ ವಿಷಯದ ಸಾರವಿದೆ. ಅದೇ ಆದೇಶಗಳಲ್ಲಿ ಇನ್ನೊಂದು ಕಟ್ಟುನಿಟ್ಟೂ ಇತ್ತು: ರಜೆ ಮುಗಿದು 8 ದಿನಗಳೊಳಗೆ ಬಂದು ಸಮಾಧಾನಕರ ಕಾರಣ ಕೊಡದವನು ತನ್ನ ಹುದ್ದೆಯ ಮೇಲಿನ ಹಕ್ಕನ್ನೇ ಕಳೆದುಕೊಳ್ಳುತ್ತಿದ್ದನು.

ಹಾಗೆಂದು ಮಾಲಿಕನು ಏಕಾಏಕಿ ಹೆಸರನ್ನು ಹೊಡೆದುಹಾಕುವಂತಿಲ್ಲ. 1993ರಲ್ಲಿ ಡಿ.ಕೆ. ಯಾದವ್ ಮೊಕದ್ದಮೆಯಲ್ಲಿ, ಇಂತಹ ಆದೇಶದ ಬಲದಿಂದ ವಿಚಾರಣೆಯಿಲ್ಲದೆ ನೌಕರನನ್ನು ತೆಗೆದುಹಾಕುವುದು ಸಹಜ ನ್ಯಾಯಕ್ಕೆ ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. 2012ರಲ್ಲಿ ಕೃಷ್ಣಕಾಂತ್ ಪರಮಾರ್ ಮೊಕದ್ದಮೆಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅನುಮತಿಯಿಲ್ಲದ ಗೈರುಹಾಜರಿಯೆಲ್ಲವೂ ಬೇಕೆಂದೇ ಮಾಡಿದುದಲ್ಲ. ಕಾಯಿಲೆ, ಅಪಘಾತ, ಆಸ್ಪತ್ರೆವಾಸದಂತಹ ಕೈಮೀರಿದ ಕಾರಣಗಳಿರಬಹುದು ಎಂದಿತು. ಇಂತಹ ರಕ್ಷಣೆ ಇದ್ದರೂ ನ್ಯಾಯಾಲಯದ ದಾರಿ ದೀರ್ಘವಾದುದು. ಸಕಾಲದಲ್ಲಿ ಬರೆದ ನಾಲ್ಕು ಸಾಲು ಅಲ್ಲಿಯವರೆಗೆ ಹೋಗುವ ಪ್ರಮೇಯವನ್ನೇ ತಪ್ಪಿಸುತ್ತದೆ.

ಹೋಟೆಲು, ಅಂಗಡಿ, ಕಾರ್ಖಾನೆಗಳಲ್ಲಿ

ಮುಂಬಯಿ, ಪುಣೆಗಳ ಹೋಟೆಲುಗಳಲ್ಲಿ ದುಡಿಯುವ ಕನ್ನಡಿಗರು ಅನೇಕರು. 2017ರ ಮಹಾರಾಷ್ಟ್ರ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆ ವರ್ಷಕ್ಕೆ 8 ದಿನ ಸಂಬಳಸಹಿತ ಸಾಂದರ್ಭಿಕ ರಜೆಯನ್ನು ಗೊತ್ತುಪಡಿಸಿದೆ. ಕೆಲಸಗಾರರು ತೀರ ಕಡಮೆಯಿರುವ ಸಣ್ಣ ಅಂಗಡಿಗಳಿಗೆ ಇದು ಅನ್ವಯಿಸದು. ಅಲ್ಲಿ ಮಾಲಿಕನ ವಿಶ್ವಾಸವೇ ಆಧಾರ. 1948ರ ಕಾರ್ಖಾನೆ ಕಾಯಿದೆಯಲ್ಲಿ 240 ದಿನ ದುಡಿದವನಿಗೆ ಪ್ರತಿ 20 ದಿನಕ್ಕೆ ಒಂದರಂತೆ ಸಂಬಳದ ರಜೆಯಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಸಂಹಿತೆ ಈ ಅರ್ಹತೆಯನ್ನು 180 ದಿನಕ್ಕೆ ಇಳಿಸಿತು.

ನೌಕರರ ರಾಜ್ಯ ವಿಮೆಗೆ ಒಳಪಟ್ಟವನು ತಾನೇ ಕಾಯಿಲೆ ಬಿದ್ದರೆ, ನಿಗದಿಯಾದಷ್ಟು ದಿನಗಳ ವಂತಿಗೆ ಸಂದಿದ್ದಲ್ಲಿ, ವೇತನದ ಶೇಕಡ 70ರಂತೆ ವರ್ಷಕ್ಕೆ 91 ದಿನಗಳವರೆಗೆ ಸಹಾಯಧನ ಪಡೆಯುತ್ತಾನೆ. ವಿಮಾ ವೈದ್ಯರ ಪ್ರಮಾಣಪತ್ರ ಇದಕ್ಕೆ ಅವಶ್ಯ. ಆ ಪತ್ರ ದೊರೆತಿತೆಂದು ಮಾಲಿಕನಿಗೆ ತಿಳಿಸುವುದನ್ನು ಬಿಡಬಾರದು.

ಮುಂಜಾಗ್ರತೆ

ಕೊನೆಯದಾಗಿ ಕೆಲವು ಸೂಚನೆಗಳು:

1. ವರ್ಷದ ಸಾಂದರ್ಭಿಕ ರಜೆಯನ್ನು ಮದುವೆ ಮುಂಜಿಗಳಿಗೇ ಮುಗಿಸದೆ ಮೂರು ನಾಲ್ಕು ದಿನಗಳನ್ನು ಕಾಯ್ದಿಡಬೇಕು.

2. ಮೇಲಧಿಕಾರಿಯ ದೂರವಾಣಿ ಸಂಖ್ಯೆ, ಕಚೇರಿಯ ವಿಳಾಸಗಳನ್ನು ಮನೆಯವರಲ್ಲಿಯೂ ಕೊಟ್ಟಿರಬೇಕು. ಆಪತ್ತು ನೌಕರನಿಗೇ ಒದಗಿದರೆ ತಿಳಿಸಬೇಕಾದವರು ಅವರೇ.

3. ಹೊರಟ ದಿನವೇ ಕಾರಣ, ಊರಿನ ವಿಳಾಸ, ಬೇಕಾಗಬಹುದಾದ ದಿನಗಳು, ಇವನ್ನು ಬರೆದು ಕಳುಹಿಸಬೇಕು. ಬಾಯಿಮಾತಿಗೆ ದಾಖಲೆಯಿಲ್ಲ, ಮೊಬೈಲಿನ ಸಂದೇಶವಾದರೂ ಇರಲಿ, ಅದರ ಪ್ರತಿ ಉಳಿಯಲಿ.

4. ರಜೆ ಹೆಚ್ಚಿಸಬೇಕಾದರೆ ಅದು ಮುಗಿಯುವ ಮೊದಲೇ ಅರ್ಜಿ ತಲಪಬೇಕು.

5. ಮರಳಿದ ಕೂಡಲೆ ವಿಧಿವತ್ತಾದ ಅರ್ಜಿಯನ್ನು ದಾಖಲೆಗಳೊಡನೆ ಸಲ್ಲಿಸಬೇಕು. ಒಂದು ಬಗೆಯ ರಜೆಯನ್ನು ಇನ್ನೊಂದಕ್ಕೆ ಬದಲಿಸಿಕೊಳ್ಳಲು ಕೇಂದ್ರ ನೌಕರರಿಗೆ ರಜೆ ಮುಗಿದ ಮೇಲೆ 30 ದಿನಗಳ ಗಡುವಿದೆ.

ನಿವೃತ್ತಿಯ ಕಾಲಕ್ಕೆ ಹಣವಾಗಲೆಂದು 300 ದಿನಗಳ ಗಳಿಕೆ ರಜೆಯನ್ನು ಜೋಪಾನಮಾಡುವವರಿದ್ದಾರೆ. ಉಳಿತಾಯ ಒಳ್ಳೆಯದೇ. ಆದರೆ ಹೆತ್ತವರು ಹಾಸಿಗೆ ಹಿಡಿದಾಗ ಅವರ ಪಕ್ಕದಲ್ಲಿ ಕುಳಿತು ಕಳೆದ ಹತ್ತು ದಿನಗಳಿಗೆ ಯಾವ ನಗದೀಕರಣವೂ ಸಾಟಿಯಾಗದು. ರಜೆ ಇರುವುದು ಬಳಸುವುದಕ್ಕಾಗಿ. ಕ್ರಮವರಿತು ಬಳಸಿದವನಿಗೆ ಊರಿನ ಋಣವನ್ನೂ ನಗರದ ಅನ್ನವನ್ನೂ ಉಳಿಸಿಕೊಳ್ಳುವುದು ಅಸಾಧ್ಯವೇನಲ್ಲ.