ಹವಳದ ತೊಟ್ಟಿಗೆ ಟಿಕೆಟ್ ಇಲ್ಲದೆ ಬಂದವರು

ನಾನು ಕಾಮರ್ಸ್ ವಿದ್ಯಾರ್ಥಿ. ಜೀವಶಾಸ್ತ್ರದ ಪುಸ್ತಕ ಮುಚ್ಚಿದ್ದು ಎಸ್ಸೆಸ್ಸೆಲ್ಸಿಯಲ್ಲೇ. ಆದರೂ ಇದನ್ನು ಬರೆಯಲು ಕಾರಣ ನನ್ನ ಮಾಮೂ ಮನೆಯಲ್ಲಿರುವ ಮೂರು ಅಡಿ ಉದ್ದದ ಉಪ್ಪುನೀರಿನ ಅಕ್ವೇರಿಯಂ ಮತ್ತು ಅದರಲ್ಲಿ ನಾನು ಮಾಡಿದ ತಪ್ಪು.

ಗೋಲ್ಡ್‌ಫಿಶ್ ಸಾಕುವ ತೊಟ್ಟಿಯಂತಲ್ಲ ಇದು. ಇಲ್ಲಿ ಮೀನಿನ ಜೊತೆ ಜೀವಂತ ಹವಳಗಳೂ ಇರುತ್ತವೆ. ನೀರನ್ನು ಶುದ್ಧವಾಗಿಡುವ ಬ್ಯಾಕ್ಟೀರಿಯಾ ನೆಲೆಸಲೆಂದು ತೂತುತೂತಾದ ಕಡಲ ಕಲ್ಲು ಹಾಕುತ್ತಾರೆ. ಅದರ ಹೆಸರು ಲೈವ್ ರಾಕ್. ಆ ತೂತುಗಳಲ್ಲಿ ಅಡಗಿಕೊಂಡು ಹುಳ, ಏಡಿ, ಬಸವನಹುಳು ಎಲ್ಲವೂ ಮನೆಗೆ ಬಂದುಬಿಡುತ್ತವೆ. ಹವ್ಯಾಸಿಗಳು ಇವನ್ನು ಹಿಚ್‌ಹೈಕರ್ ಎಂದು ಕರೆಯುತ್ತಾರೆ.

ಕಳೆದ ರಜೆಯಲ್ಲಿ ಮಾಮೂ ಊರಿಗೆ ಹೋದಾಗ ಹತ್ತು ದಿನ ತೊಟ್ಟಿಯ ಜವಾಬ್ದಾರಿ ನನಗೆ ಬಂತು. ಒಂದು ರಾತ್ರಿ ಟಾರ್ಚ್ ಹಾಕಿ ನೋಡಿದೆ. ಹೊಸ ಕಲ್ಲಿನ ಸಂದಿಯಿಂದ ಕೆಂಪು ಮಿಶ್ರಿತ ಕಂದು ಹುಳಗಳು ಹೊರಬರುತ್ತಿದ್ದವು. ಮೈಯ ಎರಡೂ ಬದಿ ಬಿಳಿ ರೋಮ. ಹೆದರಿಕೆಯಾಯಿತು. ಇಕ್ಕಳದಿಂದ ಏಳೆಂಟನ್ನು ಹಿಡಿದು ಎಸೆದೆ. ಒಂದನ್ನು ಬರಿಗೈಯಲ್ಲಿ ಮುಟ್ಟಿದ್ದಕ್ಕೆ ಬೆರಳಿಡೀ ಉರಿ. (ಸೆಲ್ಲೋಟೇಪ್ ಅಂಟಿಸಿ ಕಿತ್ತರೆ ರೋಮ ಹೊರಬರುತ್ತದೆ. ಮೊದಲೇ ಕೈಗವಸು ಹಾಕಿಕೊಳ್ಳುವುದು ಇನ್ನೂ ಒಳ್ಳೆಯದು.)

ಅದೇ ಕಲ್ಲಿನ ಮೇಲೆ ಪುಟ್ಟ ತೆಂಗಿನ ಮರದಂಥ, ಒಳಗೆಲ್ಲ ಕಾಣುವಷ್ಟು ತೆಳುವಾದ ಒಂದು ಹೂವು ಇತ್ತು. ಚೆನ್ನಾಗಿದೆ ಅನಿಸಿ ಬಿಟ್ಟೆ.

ಲೆಕ್ಕ ಪೂರ್ತಿ ಉಲ್ಟಾ ಆಗಿತ್ತು. ನಾನು ಎಸೆದದ್ದು ಬ್ರಿಸಲ್ ವರ್ಮ್. ಮೀನು ತಿಂದು ಬಿಟ್ಟ ಆಹಾರ, ಸತ್ತ ಜೀವಿ ಇವನ್ನೆಲ್ಲ ತಿಂದು ತೊಟ್ಟಿ ಗುಡಿಸುವ ಹುಳ ಅದು. ಹವಳ ತಿನ್ನುವ ಫೈರ್‌ವರ್ಮ್ ಎಂಬ ಅದರ ಸಂಬಂಧಿಯೊಂದಿದೆ, ಆದರೆ ಸಾಮಾನ್ಯವಾಗಿ ಕಲ್ಲಿನ ಜೊತೆ ಬರುವುದು ಈ ಬಡಪಾಯಿಯೇ. ನಾನು ಉಳಿಸಿದ ಹೂವು ಐಪ್ಟೇಸಿಯಾ. ಅದು ಹೂವಲ್ಲ, ಪ್ರಾಣಿ. ಪಕ್ಕದ ಹವಳವನ್ನು ತನ್ನ ಕುಟುಕು ಕೋಶಗಳಿಂದ ಚುಚ್ಚಿ ಸುಡುತ್ತದೆ. ಗುರುತಿಸುವುದು ಸುಲಭ: ಮುಟ್ಟಿದ ಕೂಡಲೇ ಸರ್ರನೆ ತೂತಿನೊಳಗೆ ಸೇರಿಕೊಳ್ಳುತ್ತದೆ.

ವಿಷಯ ತಿಳಿದ ಮೇಲೆ ಬ್ಲೇಡಿನಿಂದ ಕೆರೆದೆ. ಅದು ಎರಡನೆಯ ತಪ್ಪು. ಐಪ್ಟೇಸಿಯಾದ ಪಾದದ ಚೂರು ಕಲ್ಲಿನಲ್ಲಿ ಉಳಿದರೂ ಸಾಕು, ಅದರಿಂದ ಹೊಸದೊಂದು ಬೆಳೆಯುತ್ತದೆ. ವಾರಗಳಲ್ಲಿ ಒಂದಿದ್ದದ್ದು ಹದಿನಾಲ್ಕಾಯಿತು. ಮಾಮೂ ನಾಲ್ಕು ವರ್ಷ ಬೆಳೆಸಿದ ಲೆದರ್ ಕೋರಲ್ ಎಂಬ ಮೃದು ಹವಳ ಸುಕ್ಕಿ, ಕೊನೆಗೆ ಕೊಳೆತುಹೋಯಿತು. ಮಾಮೂ ಬೈಯಲಿಲ್ಲ, ಆದರೆ ಒಂದು ತಿಂಗಳು ತೊಟ್ಟಿಯ ಮುಚ್ಚಳ ತೆಗೆಯಲು ನನ್ನನ್ನು ಬಿಡಲಿಲ್ಲ.

ಆಮೇಲೆ ಅವರೇ ಕಲಿಸಿದರು. ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡನ್ನು, ಅಂದರೆ ಸುಣ್ಣವನ್ನು, ಸ್ವಲ್ಪ ನೀರಲ್ಲಿ ಗಟ್ಟಿಯಾಗಿ ಕಲಸಬೇಕು. ಪಂಪ್ ನಿಲ್ಲಿಸಿ, ಸಿರಿಂಜಿನಿಂದ ನಿಧಾನವಾಗಿ ಅದರ ಬಾಯಿಯ ಮೇಲೆ ಬಿಡಬೇಕು. ತಿಂಡಿ ಎಂದುಕೊಂಡು ನುಂಗುತ್ತದೆ. ಒಂದು ದಿನಕ್ಕೆ ಎರಡು ಮೂರು ಸಾಕು, ಹೆಚ್ಚಾದರೆ ನೀರಿನ ಪಿಎಚ್ ಏರಿ ಮೀನಿಗೆ ಅಪಾಯ. ದಾದಿ ತಮ್ಮ ಪಾನ್ ಡಬ್ಬಿಯ ಸುಣ್ಣ ಕೊಡಲು ಬಂದರು. ಅದರಲ್ಲಿ ಬೇರೇನು ಬೆರೆತಿದೆಯೋ ಎಂದು ಮಾಮೂ ನಯವಾಗಿ ಬೇಡವೆಂದರು. ಪೆಪ್ಪರ್‌ಮಿಂಟ್ ಸೀಗಡಿಗಳೂ ಚಿಕ್ಕ ಐಪ್ಟೇಸಿಯಾಗಳನ್ನು ತಿನ್ನುತ್ತವೆ.

ರಾತ್ರಿ ತೊಟ್ಟಿಯೊಳಗಿಂದ ಟಕ್ ಟಕ್ ಸದ್ದು ಕೇಳಿದರೆ ಮ್ಯಾಂಟಿಸ್ ಸೀಗಡಿಯ ಬಗ್ಗೆ ಅನುಮಾನಪಡಿ. ಹವಳವಿಲ್ಲದ ಕಲ್ಲಾದರೆ, ಅದನ್ನು ತೊಟ್ಟಿಯಷ್ಟೇ ಬೆಚ್ಚಗಿನ ಸಿಹಿನೀರಿನಲ್ಲಿ ಕೆಲವು ನಿಮಿಷ ಅದ್ದಿದರೆ ಅದೂ ಏಡಿಯೂ ಹೊರಗೆ ಓಡಿಬರುತ್ತವೆ.

ಇನ್ನೊಂದು ಮಾತು ಇದಕ್ಕಿಂತ ಮುಖ್ಯ. ಅಮ್ಮಿ ಆ ಕಲ್ಲನ್ನು ದೇಗಚಿಯಲ್ಲಿ ಹಾಕಿ ಕುದಿಸಿಬಿಡೋಣ ಎಂದರು. ಮಾಮೂ ಫೋನಿನಲ್ಲೇ ಕೂಗಿದರು. ಕಲ್ಲಿಗೆ ಅಂಟಿ ಬರುವ ಪ್ಯಾಲಿಥೋವಾ ಎಂಬ ಜೀವಿಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ವಿಷ ಇರಬಹುದು. 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದ ಮೂರ್ ಮತ್ತು ಶೂಯರ್ ಅದನ್ನು ಬೇರ್ಪಡಿಸಿದರು. ಕುದಿಸಿದರೆ ವಿಷ ಹಬೆಯೊಂದಿಗೆ ಮನೆಯವರ ಶ್ವಾಸಕೋಶ ಸೇರುತ್ತದೆ. ಹೀಗೆ ಕುಟುಂಬದವರೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳಿವೆ. ಬಿಸಿನೀರಿನಿಂದ ತಿಕ್ಕುವುದೂ ಬೇಡ.

ಗಟ್ಟಿ ಹವಳವನ್ನು ನಮ್ಮ ಕಡಲಿನಿಂದ ಕಿತ್ತು ತರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ ಎಂಬುದೂ ನೆನಪಿರಲಿ. ಈಗ ಮಾಮೂ ಹೊಸ ಕಲ್ಲನ್ನು ಹೀಟರ್, ಪಂಪ್ ಇರುವ ಬೇರೆ ಬಕೆಟ್ಟಿನಲ್ಲಿ ಕೆಲವು ವಾರ ಇಡುತ್ತಾರೆ. ರಾತ್ರಿ ಟಾರ್ಚ್ ಹಿಡಿದು ನೋಡುವ ಕೆಲಸ ನನ್ನದು. ಫಿಲ್ಟರ್ ಹಿಂದಿನ ಸಂದಿಯಲ್ಲಿ ಇನ್ನೂ ಎರಡು ಐಪ್ಟೇಸಿಯಾ ಉಳಿದಿವೆ. ಸಿರಿಂಜ್ ಅಲ್ಲಿಗೆ ಎಟುಕುತ್ತಿಲ್ಲ.